39 ದಿನಕ್ಕೆ ಕೋಚ್ ಮನೆಗೆ: ಈ ಕೆಲಸ ಉಳಿಯೋದು ಗೆಲುವಿನಿಂದಲಾ, ಮಾಲೀಕರಿಂದಲಾ?

ವೆಸ್ಟ್‌ಬ್ಲಾಕ್_ಹುಡುಗ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕಥೆ ನೋಡಿದಾಗಿಂದ ತಲೆ ಕೊರೀತಾ ಇರೋ ವಿಷಯ ಇದು. 2025ರ ಅಕ್ಟೋಬರ್ 18, ತಮ್ಮದೇ ಮೈದಾನದಲ್ಲಿ ಚೆಲ್ಸಿ ಕೈಲಿ 3-0 ಸೋಲು. ಮಾಲೀಕ ಮರಿನಾಕಿಸ್ ಆಟ ಮುಗಿಯೋ ಮೊದಲೇ ಸೀಟು ಬಿಟ್ಟು ಎದ್ದು ಹೋದರು. ಕೊನೆಯ ವಿಸಿಲ್ ಆಗಿ 18 ನಿಮಿಷಕ್ಕೆ ಕೋಚ್ ಆಂಜ್ ಪೋಸ್ಟೆಕೊಗ್ಲು ಕೆಲಸ ಹೋಯ್ತು ಅಂತ ಪ್ರಕಟಣೆ. ಆಟಗಾರರು ಷೂ ಲೇಸ್ ಬಿಚ್ಚಿದ್ದರೋ ಇಲ್ಲವೋ. 39 ದಿನ, 8 ಮ್ಯಾಚ್, ಎರಡು ಡ್ರಾ, ಆರು ಸೋಲು. ಅಲ್ಲಿಯ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ ಕಾಯಂ ಕೋಚ್ ಅಂತ ಬಂದವರು ಯಾರೂ ಇಷ್ಟು ಬೇಗ ಹೋಗಿರಲಿಲ್ಲ.

ಇದೇ ಮನುಷ್ಯ ಅದೇ ವರ್ಷ ಮೇ ತಿಂಗಳಲ್ಲಿ ಟಾಟನ್‌ಹ್ಯಾಮ್‌ಗೆ ಯುರೋಪಾ ಲೀಗ್ ಗೆದ್ದುಕೊಟ್ಟಿದ್ದರು. ಆ ಕ್ಲಬ್‌ಗೆ 17 ವರ್ಷದಲ್ಲಿ ಅದೇ ಮೊದಲ ಟ್ರೋಫಿ. ಲೀಗ್‌ನಲ್ಲಿ 17ನೇ ಸ್ಥಾನ ಅಂತ ಜೂನ್ ಮೊದಲ ವಾರದಲ್ಲೇ ಅಲ್ಲಿಂದಲೂ ಕಳಿಸಿಬಿಟ್ಟರು. ಇನ್ನು ಫಾರೆಸ್ಟ್‌ನಲ್ಲಿ ಇವರಿಗಿಂತ ಮುಂಚೆ ಇದ್ದ ನೂನೊ? ತಂಡವನ್ನ 7ನೇ ಸ್ಥಾನಕ್ಕೆ ತಂದು, ಎಷ್ಟೋ ವರ್ಷದ ಮೇಲೆ ಯುರೋಪ್ ಟೂರ್ನಿಗೆ ಕರ್ಕೊಂಡು ಹೋದವರು. ಮೇಲಿನವರ ಜೊತೆ ಮಾತು ಕೆಟ್ಟಿತು, ಸೀಸನ್‌ನ ಮೂರೇ ಮ್ಯಾಚ್ ಆದ ಮೇಲೆ ಅವರೂ ಇಲ್ಲ.

ನನ್ನ ವಾದ ಇಷ್ಟು. ಸೋಲು-ಗೆಲುವಿನ ಲೆಕ್ಕ ಆಮೇಲೆ. ಮೇಲೆ ಕೂತಿರೋರು ಯಾರು, ಈ ಕೋಚನ್ನ ಆರಿಸಿದ್ದು ಅವರೇನಾ, ಅವರ ಕುರ್ಚಿ ಎಷ್ಟು ಗಟ್ಟಿ, ಇದರ ಮೇಲೆ ಕೋಚ್ ಆಯಸ್ಸು ನಿಂತಿರುತ್ತೆ. ಒಪ್ತೀರಾ?

ಆಸ್ಟಿನ್_ಟೌನ್_ಹಳಬ

ಅದೇ ಫಾರೆಸ್ಟ್‌ನಲ್ಲಿ ಬ್ರಯನ್ ಕ್ಲಫ್ 1975ರಿಂದ 1993ರವರೆಗೆ 18 ವರ್ಷ ಇದ್ದರು ಕಣಪ್ಪ. 1979, 1980 ಎರಡು ವರ್ಷ ಸತತವಾಗಿ ಯುರೋಪಿಯನ್ ಕಪ್. ಅಲ್ಲಿಗೆ ಬರೋ ಮುಂಚೆ 1974ರಲ್ಲಿ ಲೀಡ್ಸ್‌ನವರು ಅವರನ್ನ 44 ದಿನಕ್ಕೆ ಓಡಿಸಿದ್ದರು. ಮನುಷ್ಯ ಅವನೇ, ಬುದ್ಧಿ ಅದೇ, ಬಾಯಿ ಅಂತೂ ಅದೇ. ಮನೆ ಬೇರೆ ಅಷ್ಟೇ. ಹಾಗಾಗಿ ನಿನ್ನ ಮಾತಿಗೆ ಅರ್ಧ ಒಪ್ಪಿಗೆ.

ಉಳಿದರ್ಧಕ್ಕೆ ಫರ್ಗುಸನ್ ಕಥೆ ಹೇಳ್ತೀನಿ. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದವರು. ಮೂರು ವರ್ಷ ಏನೂ ಗೆಲ್ಲಲಿಲ್ಲ. 1989ರ ಡಿಸೆಂಬರ್‌ನಲ್ಲಿ ಅಭಿಮಾನಿಗಳೇ ನಿನ್ನ ನೆಪ ಸಾಕು ಹೋಗಯ್ಯ ಅಂತ ಬ್ಯಾನರ್ ಹಿಡಿದಿದ್ದರು. 1990ರ ಜನವರಿಯಲ್ಲಿ ಎಫ್‌ಎ ಕಪ್ ಮೂರನೇ ಸುತ್ತು, ಎದುರಾಳಿ ಯಾರು ಗೊತ್ತಾ, ಕ್ಲಫ್ ಅವರ ಫಾರೆಸ್ಟ್. ಮಾರ್ಕ್ ರಾಬಿನ್ಸ್ ಅನ್ನೋ ಹುಡುಗ ಹೆಡ್ ಮಾಡಿದ ಒಂದೇ ಗೋಲಿನಿಂದ ಯುನೈಟೆಡ್ ಗೆದ್ದಿತು, ಮುಂದೆ ಆ ಕಪ್ಪೂ ಬಂತು. ಆ ಗೋಲು ಫರ್ಗುಸನ್ ಕೆಲಸ ಉಳಿಸಿತು ಅಂತ ಎಲ್ಲರೂ ಹೇಳ್ತಾರೆ. ಸೋತಿದ್ದರೂ ತೆಗೀತಿರಲಿಲ್ಲ ಅಂತ ಆಗಿನ ಛೇರ್ಮನ್ ಮಾರ್ಟಿನ್ ಎಡ್ವರ್ಡ್ಸ್ ಹೇಳಿದ್ದಾರೆ. ಅದಾದ ಮೇಲೆ 13 ಲೀಗ್ ಪ್ರಶಸ್ತಿ, 2013ರಲ್ಲಿ ತಾವಾಗೇ ಎದ್ದು ಹೋದರು.

ಈಗ ಕೇಳು. ಆ ರಾಬಿನ್ಸ್ ಮುಂದೆ ತಾನೇ ಕೋಚ್ ಆದ. 2017ರಲ್ಲಿ ಕವೆಂಟ್ರಿಗೆ ಎರಡನೇ ಸಲ ಬಂದು, ನಾಲ್ಕನೇ ದರ್ಜೆಗೆ ಬಿದ್ದ ತಂಡವನ್ನ ಎರಡನೇ ದರ್ಜೆಗೆ ಎತ್ತಿದ. 2023ರಲ್ಲಿ ಪ್ರೀಮಿಯರ್ ಲೀಗ್ ಬಾಗಿಲವರೆಗೂ ಹೋಗಿ ಪ್ಲೇಆಫ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತರು. 2024ರ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಅದೇ ಯುನೈಟೆಡ್ ಎದುರು 3-0 ಹಿಂದಿದ್ದು 3-3 ಮಾಡಿ, ಮತ್ತೆ ಪೆನಾಲ್ಟಿಯಲ್ಲೇ ಸೋಲು. ಆ ನವೆಂಬರ್‌ಗೆ ತಂಡ 17ನೇ ಸ್ಥಾನದಲ್ಲಿತ್ತು, ತೆಗೆದುಹಾಕಿದರು. ಫರ್ಗುಸನ್ ಕೆಲಸ ಉಳಿಸಿದ ಅಂತ ಹೆಸರು ಪಡೆದವನ ಕೆಲಸ ಉಳಿಸೋಕೆ ಯಾರೂ ಗೋಲು ಹೊಡೀಲಿಲ್ಲ.

ವೆಸ್ಟ್‌ಬ್ಲಾಕ್_ಹುಡುಗ

ಅಂಕಲ್, ಕವೆಂಟ್ರಿಯಲ್ಲಿ 2023ರ ಜನವರಿಯಲ್ಲಿ ಮಾಲೀಕರು ಬದಲಾಗಿದ್ದರು. ಇದು ನನ್ನ ವಾದಕ್ಕೇ ಬಲ!

ಹುಬ್ಬಳ್ಳಿ_ಸ್ಟಾಪರ್

ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ. ಇದೂ ಹಂಗ ಐತಿ ನೋಡ್ರಿ. ಗೋಲ್ ಬಿಟ್ಟಾಂವ ಗೋಲಿ, ಪೆನಾಲ್ಟಿ ಮಿಸ್ ಮಾಡಿದಾಂವ ಸ್ಟ್ರೈಕರ್, ತಪ್ಪು ಆಟಗಾರರನ್ನ ಕೊಂಡಾಂವ ಡೈರೆಕ್ಟರ್. ಮನಿಗೆ ಹೋಗಾಂವ ಮಾತ್ರ ಕೋಚ್.

ಯಾಕ ಅಂತ ಕೇಳ್ರಿ. ಆಟಗಾರಗ ನಾಕ್-ಐದ ವರ್ಷದ ಕಾಂಟ್ರ್ಯಾಕ್ಟ್ ಇರ್ತೈತಿ, ಅವನ್ನ ಕೊಂಡ ರೊಕ್ಕ ಲೆಕ್ಕದ ಪುಸ್ತಕದಾಗ ಆಸ್ತಿ ಅಂತ ಕುಂತಿರ್ತೈತಿ. ತಗದ ಒಗದ್ರ ಕ್ಲಬ್ಬಿಗೇ ಲುಕ್ಸಾನ. ಮ್ಯಾಲೆ ಟ್ರಾನ್ಸ್‌ಫರ್ ವಿಂಡೊ ಬ್ಯಾರೆ, ವರ್ಷಕ್ಕ ಎರಡ ಸಲ ಅಷ್ಟ ಬಾಗಲಾ ತಗೀತೈತಿ. ಅಕ್ಟೋಬರದಾಗ ಟೀಮ್ ಕೆಟ್ರ ಬದಲಿ ಮಾಡಾಕ ಬರೂದು ಒಬ್ಬನ್ನ ಅಷ್ಟ. ಇಪ್ಪತ್ತೈದ ಮಂದಿನ್ನ ತಗ್ಯಾಕಾಗೂದಿಲ್ಲ, ಒಬ್ಬನ್ನ ತಗೀತಾರ. ಮಂದಿಗೂ ಏನೋ ಮಾಡ್ಯಾರ ಅಂತ ಸಮಾಧಾನ ಆಕ್ಕೈತಿ.

ಲೆಕ್ಕದ_ಮೇಷ್ಟ್ರು

ಹುಬ್ಬಳ್ಳಿಯವರ ಮಾತಿಗೆ ಒಂದು ಆಧಾರ ಇದೆ. ಬಾಸ್ ಟೆರ್ ವೀಲ್ ಅಂತ ನೆದರ್‌ಲ್ಯಾಂಡ್ಸ್‌ನ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಹಿಡಿದು ಅಭ್ಯಾಸ ಮಾಡಿದ್ದಾರೆ. ಸಾಮಾನ್ಯವಾಗಿ ನಾವು ನೋಡುವುದು ಒಂದೇ ಕಡೆ: ತಂಡ ಸೋತು ಸೋತು ಕೆಳಗೆ ಹೋಗುತ್ತದೆ, ಕೋಚನ್ನು ತೆಗೆಯುತ್ತಾರೆ, ಮುಂದಿನ ಕೆಲವು ಪಂದ್ಯಗಳಲ್ಲಿ ತಂಡ ಚೇತರಿಸಿಕೊಳ್ಳುತ್ತದೆ. ತೆಗೆದದ್ದು ಸರಿಯಾಯಿತು ಅನ್ನುತ್ತೇವೆ. ಅವರು ಇನ್ನೊಂದು ಗುಂಪನ್ನೂ ಪಕ್ಕದಲ್ಲಿಟ್ಟು ನೋಡಿದರು: ಅಷ್ಟೇ ಕೆಟ್ಟದಾಗಿ ಸೋತರೂ ಕೋಚನ್ನು ಇಟ್ಟುಕೊಂಡ ತಂಡಗಳು. ಆ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು.

ಇದರಲ್ಲಿ ಮಾಯೆ ಏನಿಲ್ಲ. ಕೋಚನ್ನು ತೆಗೆಯುವುದು ತಂಡ ತನ್ನ ಸಹಜ ಮಟ್ಟಕ್ಕಿಂತ ಬಹಳ ಕೆಳಗೆ ಬಿದ್ದಾಗ. ಅಲ್ಲಿಂದ ಮೇಲಕ್ಕೇ ಬರಬೇಕು. ಆ ಹೊತ್ತಿಗೆ ಬೆಂಚಿನ ಮೇಲೆ ಯಾರು ಕೂತಿದ್ದರೂ ಹೆಸರು ಅವರಿಗೆ.

2018ರ ಡಿಸೆಂಬರ್‌ನಲ್ಲಿ ಯುನೈಟೆಡ್ ಮೊರಿನ್ಯೊ ಅವರನ್ನು ತೆಗೆದು ಸೋಲ್‌ಶರ್ ಅವರನ್ನು ತಾತ್ಕಾಲಿಕವಾಗಿ ಕೂರಿಸಿತು. 19 ಪಂದ್ಯಗಳಲ್ಲಿ 14 ಗೆಲುವು, ಪ್ಯಾರಿಸ್‌ಗೆ ಹೋಗಿ ಪಿಎಸ್‌ಜಿಯನ್ನು ಸೋಲಿಸಿದ್ದೂ ಸೇರಿ. ಮಾರ್ಚ್‌ನಲ್ಲಿ ಕಾಯಂ ಮಾಡಿದರು. ಆಮೇಲೆ ಆ ಓಟ ನಿಂತೇ ಹೋಯಿತು.

ಬರ್ನಬೇವು_ಭಕ್ತ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ಸರಾಸರಿ ಅನ್ನೋದು ದೊಡ್ಡ ಕ್ಲಬ್‌ಗಳಿಗೆ ಹೊಟ್ಟೆ ತುಂಬಿಸಲ್ಲ. 2016ರ ಜನವರಿಯಲ್ಲಿ ಮ್ಯಾಡ್ರಿಡ್ ಬೆನಿಟೆಜ್‌ನ ತೆಗೆದು ಜಿದಾನ್‌ನ ತಂದಿತು. ಸತತ ಮೂರು ಚಾಂಪಿಯನ್ಸ್ ಲೀಗ್. 2019ರ ನವೆಂಬರ್‌ನಲ್ಲಿ ಬಯರ್ನ್ ಕೊವಾಚ್ ಜಾಗಕ್ಕೆ ಫ್ಲಿಕ್‌ನ ಕೂರಿಸಿತು, ಅದೇ ಸೀಸನ್‌ನಲ್ಲಿ ಮೂರು ದೊಡ್ಡ ಕಪ್. 2021ರ ಜನವರಿಯಲ್ಲಿ ಚೆಲ್ಸಿ ಲ್ಯಾಂಪಾರ್ಡ್ ಬದಲು ಟುಕೆಲ್, ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್. ಇವರೆಲ್ಲ ಸುಮ್ಮನೆ ಕಾಯ್ತಾ ಕೂತಿದ್ದರೆ? ಅಷ್ಟೇ ಯಾಕೆ, ರಾಬಿನ್ಸ್‌ನ ತೆಗೆದ ಕವೆಂಟ್ರಿಗೆ ಬಂದದ್ದೂ ಅದೇ ಲ್ಯಾಂಪಾರ್ಡ್. 17ರಿಂದ ಹತ್ತಿ ಆ ಸೀಸನ್ ಪ್ಲೇಆಫ್‌ಗೆ ಹೋದರಲ್ಲ.

ಭಾವನೆ ಬೇರೆ, ವ್ಯವಹಾರ ಬೇರೆ. ತಾಳ್ಮೆ ತಾಳ್ಮೆ ಅನ್ನೋರು ಫರ್ಗುಸನ್ ಒಬ್ಬರನ್ನೇ ಉದಾಹರಣೆ ಕೊಡ್ತಾರೆ. ತಾಳಿ ತಾಳಿ ಹಾಳಾದ ಕ್ಲಬ್‌ಗಳ ಕಥೆ ಯಾರೂ ಹೇಳಲ್ಲ.

ವೆಸ್ಟ್‌ಬ್ಲಾಕ್_ಹುಡುಗ

ಗುರು, ಟುಕೆಲ್ ಹೆಸರು ನೀನೇ ಎತ್ತಿದೆ. 2022ರ ಮೇನಲ್ಲಿ ಚೆಲ್ಸಿ ಅಬ್ರಮೊವಿಚ್ ಕೈಯಿಂದ ಬೋಲಿ ಮತ್ತು ಕ್ಲಿಯರ್‌ಲೇಕ್ ಕೈಗೆ ಹೋಯ್ತು. ಸೆಪ್ಟೆಂಬರ್‌ನಲ್ಲಿ ಡೈನಮೊ ಜಾಗ್ರೆಬ್ ಎದುರು ಸೋತರು, ಅದು ಟುಕೆಲ್ ಅವರ ನೂರನೇ ಮ್ಯಾಚ್, ಮಾರನೇ ದಿನ ಔಟ್. ಒಂದೂಕಾಲು ವರ್ಷದ ಹಿಂದೆ ಯುರೋಪ್ ಗೆದ್ದವರು. ಬೇಸಿಗೆಯಲ್ಲಿ ಹೊಸ ಮಾಲೀಕರು ಕೋಟಿಗಟ್ಟಲೆ ಸುರಿದು ಆಟಗಾರರನ್ನ ಕೊಂಡದ್ದೂ ಆಗಿತ್ತು.

ಹಿಂದಕ್ಕೆ ಹೋಗು. 2003ರಲ್ಲಿ ಅಬ್ರಮೊವಿಚ್ ಚೆಲ್ಸಿ ಕೊಂಡಾಗ ಕೋಚ್ ರನಿಯೆರಿ. ಲೀಗ್‌ನಲ್ಲಿ ಎರಡನೇ ಸ್ಥಾನ, ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಆದರೂ 2004ರಲ್ಲಿ ಹೊರಗೆ, ಮೊರಿನ್ಯೊ ಒಳಗೆ.

ಬರ್ನ್ಲಿಯಲ್ಲಿ ಷಾನ್ ಡೈಶ್. 2012ರಲ್ಲಿ ಬಂದರು, 2015ರಲ್ಲಿ ತಂಡ ಕೆಳಗಿನ ದರ್ಜೆಗೆ ಬಿತ್ತು, ಆಗ ತೆಗೀಲಿಲ್ಲ. ಮರುವರ್ಷವೇ ಚಾಂಪಿಯನ್ ಆಗಿ ವಾಪಸ್, 2018ರಲ್ಲಿ 7ನೇ ಸ್ಥಾನ. ಊರಲ್ಲಿ ಒಂದು ಪಬ್‌ಗೆ ಅವರ ಹೆಸರೇ ಇಟ್ಟರು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಎಎಲ್‌ಕೆ ಕ್ಯಾಪಿಟಲ್ ಕ್ಲಬ್ ಕೊಂಡಿತು. 2022ರ ಏಪ್ರಿಲ್‌ನಲ್ಲಿ, ಎಂಟೇ ಮ್ಯಾಚ್ ಬಾಕಿ ಇರುವಾಗ ಡೈಶ್ ವಜಾ. ತಂಡ ಆಮೇಲೂ ಬಿತ್ತು. ಅದೇ ಸ್ಥಿತಿ, ಅದೇ ಕೋಚ್; 2015ರಲ್ಲಿ ಉಳಿಸಿದ ಕ್ಲಬ್ 2022ರಲ್ಲಿ ಯಾಕೆ ಉಳಿಸಲಿಲ್ಲ? ಮೇಲೆ ಕೂತವರು ಬೇರೆಯಾಗಿದ್ದರು. ತಾವೇ ಆರಿಸಿ ತಂದ ಕೋಚನ್ನ ತೆಗೆಯೋದು ಅಂದರೆ ನಮ್ಮ ಆಯ್ಕೆ ತಪ್ಪು ಅಂತ ಒಪ್ಪಿದ ಹಾಗೆ, ಅದಕ್ಕೆ ಒಂದು ಹಿಂಜರಿಕೆ ಇರುತ್ತೆ. ಹಿಂದಿನವರು ಬಿಟ್ಟುಹೋದ ಕೋಚನ್ನ ತೆಗೆಯೋಕೆ ಆ ಮುಜುಗರ ಎಲ್ಲಿ?

ಸಿಟಿ_ಮಾರ್ಕೆಟ್_ನಂ10

ಯುನೈಟೆಡ್‌ನಲ್ಲಿ 2013ರಲ್ಲಿ ಫರ್ಗುಸನ್ ಜೊತೆಗೇ ಸಿಇಒ ಡೇವಿಡ್ ಗಿಲ್ ಕೂಡ ಹೋದರು. ಮೊಯ್ಸ್‌ಗೆ ಕೊಟ್ಟದ್ದು ಆರು ವರ್ಷದ ಕಾಂಟ್ರ್ಯಾಕ್ಟ್, ಇಟ್ಟುಕೊಂಡದ್ದು ಹತ್ತು ತಿಂಗಳು. ವಾನ್ ಗಾಲ್ 2016ರಲ್ಲಿ ಎಫ್‌ಎ ಕಪ್ ಗೆದ್ದು ಎರಡೇ ದಿನಕ್ಕೆ ಹೊರಗೆ. ಟೆನ್ ಹಾಗ್‌ಗೆ 2024ರ ಜುಲೈನಲ್ಲಿ ಕಾಂಟ್ರ್ಯಾಕ್ಟ್ ಮುಂದುವರಿಸಿ ಅಕ್ಟೋಬರ್‌ನಲ್ಲಿ ತೆಗೆದರು. ಅವರಿಗೂ ಅವರ ಸಿಬ್ಬಂದಿಗೂ ಕೊಟ್ಟ ಪರಿಹಾರ 1 ಕೋಟಿ 4 ಲಕ್ಷ ಪೌಂಡ್. ಮೊರಿನ್ಯೊ ಬಳಗಕ್ಕೆ 1 ಕೋಟಿ 96 ಲಕ್ಷ ಪೌಂಡ್. ಕಾಂಟೆಯನ್ನ ತೆಗೆದದ್ದಕ್ಕೆ ಚೆಲ್ಸಿಗೆ ಬಿದ್ದ ಖರ್ಚು, ಕೋರ್ಟು ಕಚೇರಿ ಸೇರಿ, 2 ಕೋಟಿ 66 ಲಕ್ಷ.

ಅಯ್ಯೋ ಪಾಪ ಕೋಚ್ ಅನ್ನೋರು ಸ್ವಲ್ಪ ಈ ಅಂಕಿ ನೋಡಿ. ನನ್ನನ್ನೂ ಯಾರಾದರೂ ಹೀಗೆ ಕೆಲಸದಿಂದ ತೆಗೀರಪ್ಪ 😀

ಹುಬ್ಬಳ್ಳಿ_ಸ್ಟಾಪರ್

ಮ್ಯಾಲಿನ ಇಪ್ಪತ್ತ ಕ್ಲಬ್ಬಿನ ಮಾತ ಅದು. ಮೂರನೇ ದರ್ಜೆದಾಗ, ನಾಕನೇ ದರ್ಜೆದಾಗ ಇರೂ ಕೋಚ್‌ಗೆ ಯಾರ ಕೋಟಿ ಕೊಡ್ತಾರ್ರೀ. ಮಕ್ಕಳ ಸಾಲಿ, ಮನಿ ಬಾಡಗಿ, ಊರ ಬದಲಿ ಎಲ್ಲಾ ಐತಿ ಅವರಿಗೆ.

ಕುಡ್ಲ_ಲೆಫ್ಟ್‌ಬ್ಯಾಕ್

ಮಾಲೀಕ ಗಟ್ಟಿ ಕೂತರೆ ಕೋಚ್ ಉಳೀತಾನೆ ಹೇಳುವುದು ಅಷ್ಟು ಸುಲಭ ಇಲ್ಲ ಮಾರಾಯ್ರೆ. ಇಟಲಿಯ ಪಲೆರ್ಮೊ ಕ್ಲಬ್ಬಿನ ಜಂಪರಿನಿ ನೆನಪುಂಟಾ? ಹತ್ತು-ಹದಿನೈದು ವರ್ಷ ಅವರೊಬ್ಬರೇ ಮಾಲೀಕ, ಆದ್ರೆ ಕೋಚ್‌ಗಳನ್ನು ಬದಲಾಯಿಸಿದ್ದಕ್ಕೆ ಲೆಕ್ಕವೇ ಇಲ್ಲ. 2015-16ರ ಸೀಸನ್ ಅಂತೂ ಯಕ್ಷಗಾನದ ಚೌಕಿ ಹಾಗೆ, ಒಬ್ಬರು ವೇಷ ಕಳಚುವಾಗ ಇನ್ನೊಬ್ಬರು ಬಣ್ಣ ಹಚ್ಚುವುದು. ನವೆಂಬರಲ್ಲಿ ಯಾಕಿನಿ ಹೋದ್ರು, ಬಲ್ಲಾರ್ದಿನಿ ಬಂದ್ರು. ಜನವರಿಯಲ್ಲಿ ವೆರೋನಾ ಮೇಲೆ ಪಲೆರ್ಮೊ ಗೆದ್ದಿತು. ಗೆದ್ದ ಮೇಲೆ ಗೋಲ್‌ಕೀಪರ್ ಸೊರೆಂಟಿನೊ ಹೇಳಿದ್ದೆಂತ ಗೊತ್ತುಂಟಾ, ಕೋಚ್ ನಮ್ಮ ಹತ್ರ ಮಾತೇ ಆಡ್ಲಿಲ್ಲ, ನಾವೇ ಆಡಿ ಗೆದ್ದದ್ದು ಅಂತ. ಗೆದ್ದ ಕೋಚನ್ನು ತೆಗೆದಾಯ್ತು! ಫೆಬ್ರವರಿಯಲ್ಲಿ ಯಾಕಿನಿ ವಾಪಸ್, ಮಾರ್ಚಲ್ಲಿ ಪುನಃ ಹೊರಗೆ, ಏಪ್ರಿಲಲ್ಲಿ ಬಲ್ಲಾರ್ದಿನಿ ಪುನಃ ಒಳಗೆ. ತಂಡ ಕಡೆಗೆ ಅವರ ಕೈಯಲ್ಲೇ ಬಚಾವಾಯ್ತು.

ತೆಗೆದವರನ್ನೇ ಕರೀಲಿಕ್ಕೆ ಕಾರಣ ಪ್ರೀತಿ ಅಲ್ಲ. ಅಲ್ಲಿ ತೆಗೆದ ಕೋಚ್‌ಗೆ ಕಾಂಟ್ರ್ಯಾಕ್ಟ್ ಮುಗಿಯುವವರೆಗೆ ಸಂಬಳ ಹೋಗ್ತಾ ಇರ್ತದೆ. ಮನೆಯಲ್ಲಿ ಕೂತವನಿಗೆ ಕೊಡುವ ದುಡ್ಡಿಗೆ ಕೆಲಸ ಮಾಡಿಸಿದ್ರೆ ಮೂರನೆಯವನನ್ನು ಹುಡುಕುವ ಖರ್ಚು ಉಳೀತದೆ. ಇದೇ ಬಲ್ಲಾರ್ದಿನಿ ಜೆನೋವಾ ಕ್ಲಬ್ಬಿಗೆ ಬೇರೆ ಬೇರೆ ವರ್ಷಗಳಲ್ಲಿ ಒಟ್ಟು ನಾಲ್ಕು ಸಲ ಕೋಚ್ ಆದವರು.

ವಾಟ್‌ಫರ್ಡಲ್ಲಿ ಪೊಜ್ಜೊ ಕುಟುಂಬ 2012ರಿಂದ ಉಂಟು, ಅಲ್ಲಿ ಕೋಚ್‌ಗಳು ನಿಂತದ್ದು ಉಂಟಾ? 2021-22ರಲ್ಲಿ ಒಂದೇ ಸೀಸನಲ್ಲಿ ಮುನ್ಯೋಸ್, ರನಿಯೆರಿ, ಹಾಡ್ಜ್‌ಸನ್ ಮೂವರು. ಅವರದ್ದು ಬೇರೆಯೇ ಕ್ರಮ. ಆಟಗಾರರನ್ನು ಹುಡುಕುವುದು, ಕೊಳ್ಳುವುದು, ಮಾರುವುದು ಎಲ್ಲ ಮನೆಯವರ ಕೈಯಲ್ಲಿ, ಅದು ಬದಲಾಗುವುದಿಲ್ಲ. ಕೋಚ್ ಬಂದು ಹನ್ನೊಂದು ಜನರನ್ನು ಇಳಿಸಬೇಕು, ಅಷ್ಟೇ.

ವೆಸ್ಟ್‌ಬ್ಲಾಕ್_ಹುಡುಗ

ಇದು ಒಳ್ಳೆ ಏಟು. ಮಾಲೀಕ ಗಟ್ಟಿಯಾಗಿದ್ದರೆ ಸಾಲದು, ಕೋಚ್ ಕೈಲಿ ಎಷ್ಟು ಕೆಲಸ ಇದೆ ಅನ್ನೋದನ್ನೂ ಸೇರಿಸಬೇಕು. ಫರ್ಗುಸನ್, ವೆಂಗರ್ ಕಾಲದಲ್ಲಿ ಕ್ಲಬ್ಬೇ ಅವರ ಕೈಲಿತ್ತು: ಯಾರನ್ನ ಕೊಳ್ಳಬೇಕು, ಯೂತ್ ತಂಡ ಹೇಗಿರಬೇಕು, ಊಟಕ್ಕೆ ಏನು ಬಡಿಸಬೇಕು ಎಲ್ಲ. ವೆಂಗರ್ 1996ರಿಂದ 2018ರವರೆಗೆ ಆರ್ಸೆನಲ್‌ನಲ್ಲಿ ಉಳಿದದ್ದಕ್ಕೆ ಅದೂ ಕಾರಣ, ಅವರನ್ನ ಕಿತ್ತರೆ ಜೊತೆಗೆ ಅರ್ಧ ಆಫೀಸೇ ಕಿತ್ತು ಬರುತ್ತಿತ್ತು. ಈಗ ಸ್ಪೋರ್ಟಿಂಗ್ ಡೈರೆಕ್ಟರ್ ಇರ್ತಾರೆ, ಸ್ಕೌಟಿಂಗ್ ವಿಭಾಗ ಇರುತ್ತೆ, ಡೇಟಾ ತಂಡ ಇರುತ್ತೆ. ಕೋಚ್ ಬದಲಿಸಿದರೆ ಮಿಕ್ಕಿದ್ದು ಹಾಗೇ ನಡೆಯುತ್ತೆ. ಬದಲಿಸೋದು ಸುಲಭ ಮಾಡಿಕೊಂಡ ಮೇಲೆ ಬದಲಿಸದೆ ಇರ್ತಾರಾ?

ಸ್ಟುಟ್‌ಗಾರ್ಟ್_ಕನ್ನಡತಿ

ಇಲ್ಲಿಂದ ಹೆಚ್ಚು ದೂರವಿಲ್ಲದ ಹೈಡೆನ್‌ಹೈಮ್ ಬಗ್ಗೆ ಯಾರಾದರೂ ಬರೀತಾರಾ ಅಂತ ಕಾಯ್ತಿದ್ದೆ. ಸುಮಾರು 50 ಸಾವಿರ ಜನರ ಊರು. ಕೋಚ್ ಫ್ರಾಂಕ್ ಷ್ಮಿಟ್ ಅದೇ ಊರಲ್ಲಿ ಹುಟ್ಟಿದವರು, ಅದೇ ತಂಡದ ಕ್ಯಾಪ್ಟನ್ ಆಗಿದ್ದವರು. 2007ರ ಸೆಪ್ಟೆಂಬರ್‌ನಲ್ಲಿ ಹೊಣೆ ವಹಿಸಿಕೊಂಡಾಗ ತಂಡ ನಾಲ್ಕನೇ ದರ್ಜೆಯಲ್ಲಿತ್ತು. 2023ರಲ್ಲಿ ಜರ್ಮನಿಯ ಮೊದಲ ದರ್ಜೆಯಾದ ಬುಂಡೆಸ್‌ಲಿಗಾಗೆ ಬಂದರು. ಆ ಕೊನೆಯ ದಿನ ರೇಗೆನ್ಸ್‌ಬುರ್ಗ್‌ನಲ್ಲಿ ನಿಗದಿತ 90 ನಿಮಿಷ ಮುಗಿದಾಗಲೂ 2-1 ಹಿಂದಿದ್ದರು. ಹ್ಯಾಂಬರ್ಗ್‌ನವರು ತಾವೇ ಮೇಲೆ ಹೋದೆವು ಅಂತ ಇನ್ನೊಂದು ಊರಲ್ಲಿ ಮೈದಾನಕ್ಕೆ ನುಗ್ಗಿ ಕುಣೀತಿದ್ದರು. ಹೆಚ್ಚುವರಿ ಸಮಯದಲ್ಲಿ ಹೈಡೆನ್‌ಹೈಮ್ ಎರಡು ಗೋಲು, ಎರಡನೆಯದು 99ನೇ ನಿಮಿಷದಲ್ಲಿ. ನಮ್ಮ ಆಫೀಸಿನ ಹ್ಯಾಂಬರ್ಗ್ ಅಭಿಮಾನಿಯೊಬ್ಬರು ಮಂಗಳವಾರ ರಜೆ ಹಾಕಿದ್ದರು.

ಅಲ್ಲಿ ಗಮನಿಸಬೇಕಾದದ್ದು: ಆಡಳಿತ ನೋಡಿಕೊಳ್ಳುವ ಹೋಲ್ಗರ್ ಜಾನ್‌ವಾಲ್ಡ್ ತೊಂಬತ್ತರ ದಶಕದಿಂದ ಅಲ್ಲೇ ಇದ್ದಾರೆ. ಷ್ಮಿಟ್‌ರನ್ನು ಆರಿಸಿದ್ದು ಅವರೇ. ಮೊದಲ ವರ್ಷ 8ನೇ ಸ್ಥಾನ, ಎರಡನೇ ವರ್ಷ 16ನೇ ಸ್ಥಾನಕ್ಕೆ ಬಿದ್ದು ಪ್ಲೇಆಫ್ ಆಡಿ ಉಳಿದುಕೊಂಡರು. ತೆಗೀಬೇಕು ಅನ್ನೋ ಕೂಗು ಅಲ್ಲಿ ಜೋರಾಗಲೇ ಇಲ್ಲ. ಫ್ರೈಬುರ್ಗ್ ಕೂಡ ಹಾಗೇ, ಫೋಲ್ಕರ್ ಫಿಂಕೆ 16 ವರ್ಷ, ಆಮೇಲೆ ಕ್ರಿಸ್ಟಿಯಾನ್ ಷ್ಟ್ರೈಷ್ ಹನ್ನೆರಡಕ್ಕೂ ಹೆಚ್ಚು ವರ್ಷ. 2015ರಲ್ಲಿ ಷ್ಟ್ರೈಷ್ ತಂಡ ಕೆಳಗೆ ಬಿತ್ತು, ಅವರು ಉಳಿದರು, ಮರುವರ್ಷ ತಂಡವೂ ವಾಪಸ್ ಬಂತು.

ಎರಡೂ ಕಡೆ ಇನ್ನೊಂದು ಅನುಕೂಲ ಇದೆ, ಊರಿನವರಿಗೆ ತಮ್ಮ ತಂಡದ ಅಳತೆ ಗೊತ್ತು. ಲೀಗ್ ಗೆಲ್ಲಬೇಕು ಅಂತ ಯಾರೂ ಕೂತಿಲ್ಲ. ಇದೇ ದೇಶದಲ್ಲಿ ಲೆವರ್ಕೂಸನ್ 2025ರಲ್ಲಿ ಟೆನ್ ಹಾಗ್ ಅವರನ್ನು ಎರಡೇ ಲೀಗ್ ಮ್ಯಾಚ್ ಆದ ಮೇಲೆ ತೆಗೆಯಿತು. ಹಿಂದಿನ ಕೋಚ್ ಷಾಬಿ ಅಲೋನ್ಸೊ 2024ರಲ್ಲಿ ಒಂದೂ ಮ್ಯಾಚ್ ಸೋಲದೆ ಲೀಗ್ ಗೆದ್ದಿದ್ದರಲ್ಲ, ಆ ರುಚಿ ಹತ್ತಿದ ಮೇಲೆ ಕಾಯೋಕೆ ಯಾರಿಗೂ ಆಗಲಿಲ್ಲ.

ಪಿಟ್ಸ್‌ಬರ್ಗ್_ಗೌಡ್ರು

ನಾನಿರೋ ಊರಿನ ಫುಟ್‌ಬಾಲ್ ಬೇರೆ, ಹೆಲ್ಮೆಟ್ ಹಾಕ್ಕೊಂಡು ಆಡೋದು. ಆದರೂ ಹೇಳ್ತೀನಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ 1969ರಲ್ಲಿ ಚಕ್ ನೋಲ್‌ರನ್ನ ತಂದರು. 1992ರಲ್ಲಿ ಬಿಲ್ ಕವರ್, 2007ರಲ್ಲಿ ಮೈಕ್ ಟಾಮ್ಲಿನ್. 2026ರ ಶುರುವಿನವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲಕ್ಕೆ ಮೂರೇ ಹೆಸರು. ನೋಲ್ ಮೊದಲ ಸೀಸನ್ ಒಂದು ಗೆಲುವು, ಹದಿಮೂರು ಸೋಲು! ಮಾಲೀಕರಾದ ರೂನಿ ಕುಟುಂಬ ಅಲುಗಾಡಲಿಲ್ಲ. ಎಪ್ಪತ್ತರ ದಶಕದಲ್ಲಿ ಆರು ಸೀಸನ್‌ನಲ್ಲಿ ನಾಲ್ಕು ಸೂಪರ್ ಬೌಲ್, ಅಂದರೆ ಇಲ್ಲಿಯ ಲೀಗ್‌ನ ಪ್ರಶಸ್ತಿ, ಬಂತು.

ಆದರೆ ಇಲ್ಲಿ ಕಾಯೋದು ಸುಲಭ ಸ್ವಾಮಿ. ಕೆಳಗಿನ ದರ್ಜೆ ಅನ್ನೋದೇ ಇಲ್ಲ. ಕೊನೆಗೆ ಬಂದವರಿಗೆ ಮುಂದಿನ ವರ್ಷ ಕಾಲೇಜು ಹುಡುಗರನ್ನ ಆರಿಸೋವಾಗ ಮೊದಲ ಸರದಿ. ಹಾಗಾಗಿ ಕೋಚ್‌ಗಳನ್ನ ತೆಗೆಯೋದು ಬಹುಮಟ್ಟಿಗೆ ಸೀಸನ್ ಮುಗಿದ ಮಾರನೇ ಸೋಮವಾರ, ಒಂದೇ ಸಲ ಸಾಲಾಗಿ. ಇಂಗ್ಲೆಂಡಿನಲ್ಲಿ ಕೊನೆಯ ಮೂರರಲ್ಲಿ ಬಂದರೆ ಟೀವಿ ದುಡ್ಡೇ ಹೋಗುತ್ತೆ. ಅಂಥ ಕಡೆ ಡಿಸೆಂಬರ್‌ನಲ್ಲಿ ಕೈಕಟ್ಟಿ ಕೂರೋ ಎದೆ ಎಷ್ಟು ಜನಕ್ಕಿದೆ?

ಲೆಕ್ಕದ_ಮೇಷ್ಟ್ರು

ಗೌಡ್ರು ಹೇಳಿದ್ದು ಸರಿ, ಭಯ ಎಲ್ಲಿ ಕೂತಿದೆ ಅನ್ನುವುದನ್ನೂ ನೋಡಬೇಕು. ತಡೆಯಲು ನಿಯಮ ಮಾಡಿದವರೂ ಇದ್ದಾರೆ. ಬ್ರೆಜಿಲ್‌ನ ಲೀಗ್‌ನಲ್ಲಿ 2021ರಲ್ಲಿ ಒಂದು ಕ್ಲಬ್ ಸೀಸನ್‌ಗೆ ಒಬ್ಬ ಕೋಚನ್ನು ಮಾತ್ರ ವಜಾ ಮಾಡಬಹುದು ಅಂತ ತಂದರು. ಕ್ಲಬ್‌ಗಳು ವಜಾ ಅನ್ನುವ ಬದಲು ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು ಅಂತ ಬರೆದುಕೊಡತೊಡಗಿದವು. ಮರುವರ್ಷ ನಿಯಮವೇ ಹೋಯಿತು.

ಆಸ್ಟಿನ್_ಟೌನ್_ಹಳಬ

ಎಲ್ಲಾ ಯುರೋಪ್ ಸುತ್ತಿ ಬಂದಿರಿ. ನಮ್ಮ ಕಂಠೀರವಕ್ಕೆ ಬನ್ನಿ. ಬೆಂಗಳೂರು ಎಫ್‌ಸಿ ಶುರುವಾದದ್ದು 2013ರಲ್ಲಿ. ಆಷ್ಲಿ ವೆಸ್ಟ್‌ವುಡ್ ಬಂದ ಮೊದಲ ವರ್ಷವೇ ಐ-ಲೀಗ್, 2016ರಲ್ಲಿ ಇನ್ನೊಂದು. ಆಮೇಲೆ ರೋಕಾ ಬಂದು 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಕರೆದುಕೊಂಡು ಹೋದರು. ಅವರ ಅಸಿಸ್ಟೆಂಟ್ ಆಗಿದ್ದ ಕ್ವಾಡ್ರಾಟ್ ಹೆಡ್ ಕೋಚ್ ಆಗಿ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದರು. ಆಗಿನ ಕ್ರಮ ಚೆನ್ನಾಗಿತ್ತು, ಒಬ್ಬರು ಹೋದರೂ ಆಟದ ರೀತಿ ಉಳಿಯುತ್ತಿತ್ತು. 2021ರ ಜನವರಿಯಲ್ಲಿ, ಕೋವಿಡ್ ಅಂತ ಗೋವಾದಲ್ಲಿ ಖಾಲಿ ಸ್ಟೇಡಿಯಮ್‌ನಲ್ಲಿ ಆಡಿಸುತ್ತಿದ್ದಾಗ, ಸತತ ಮೂರು ಸೋಲಿಗೆ ಕ್ವಾಡ್ರಾಟ್‌ರನ್ನ ಕಳಿಸಿದರು. ತಂಡ ಕೊನೆಗೆ 7ನೇ ಸ್ಥಾನ.

ಅದೇ ಕ್ವಾಡ್ರಾಟ್ ಈಸ್ಟ್ ಬೆಂಗಾಲ್‌ಗೆ ಹೋಗಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದುಕೊಟ್ಟರು, ಅವರಿಗೆ 12 ವರ್ಷದ ನಂತರ ಸಿಕ್ಕ ರಾಷ್ಟ್ರ ಮಟ್ಟದ ಟ್ರೋಫಿ. ಆ ಸೆಪ್ಟೆಂಬರ್ ಕೊನೆಗೆ, ಐಎಸ್‌ಎಲ್‌ನ ಮೊದಲ ಮೂರು ಮ್ಯಾಚ್ ಸೋತದ್ದಕ್ಕೆ ಅಲ್ಲೂ ಮುಗೀತು. ಆ ಮೂರರಲ್ಲಿ ಮೊದಲನೆಯದು ಎಲ್ಲಿ? ನಮ್ಮ ಕಂಠೀರವದಲ್ಲೇ. ವಿನೀತ್ ವೆಂಕಟೇಶ್ ಹೊಡೆದ ಒಂದು ಗೋಲು. ನಾವೇ ಚಪ್ಪಾಳೆ ತಟ್ಟಿದ್ದು.

ವೆಸ್ಟ್‌ಬ್ಲಾಕ್_ಹುಡುಗ

ಆಮೇಲೆ ನಮ್ಮ ಬೆಂಗಳೂರು ತಂಡದ ಕೋಚ್ ಆಗಿದ್ದ ಗ್ರೇಸನ್ ಮರೀಬೇಡಿ. 2022ರಲ್ಲಿ ಡ್ಯುರಾಂಡ್ ಕಪ್, 2023ರಲ್ಲಿ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿ ಸೋಲು. ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ಮನೆಗೇ ಬಂದು 4-0 ಹೊಡೆದರು, ಮಾರನೇ ದಿನ ಗ್ರೇಸನ್ ಇಲ್ಲ. ಆ ರಾತ್ರಿ ಕೂಗಿದವರಲ್ಲಿ ನಮ್ಮ ಸ್ಟ್ಯಾಂಡಿನವರೂ ಇದ್ದರು ಅನ್ನೋದು ಬೇರೆ ಮಾತು. ನಂತರ ಬಂದ ಜರಗೋಜಾ ಮೊದಲ ಸೀಸನ್ 10ನೇ ಸ್ಥಾನದಲ್ಲಿ ಮುಗಿಸಿದರೂ ಉಳಿಸಿಕೊಂಡರು, 2025ರಲ್ಲಿ ಫೈನಲ್‌ಗೆ ಬಂತು. ಇಲ್ಲಿ ಮಾಲೀಕರು ಮೊದಲಿಂದ ಅವರೇ, ಜೆಎಸ್‌ಡಬ್ಲ್ಯು. ಒಬ್ಬರನ್ನ ಮೂರು ಸೋಲಿಗೆ ತೆಗೆದವರೇ ಇನ್ನೊಬ್ಬರನ್ನ ಹತ್ತನೇ ಸ್ಥಾನದಲ್ಲೂ ಇಟ್ಟುಕೊಂಡರು. ನನ್ನ ವಾದಕ್ಕೆ ಇದು ಸರಿಯಾಗಿ ಕೂರಲ್ಲ, ಗೊತ್ತು. ಐಎಸ್‌ಎಲ್‌ನಲ್ಲಿ ಕೆಳಗೆ ಬೀಳೋ ಭಯ ಆಗ ಇರಲಿಲ್ಲ, ಗೌಡ್ರು ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತೇನೋ.

ಸಿ_ಡಿವಿಷನ್_ಕೋಚ್

ನೀವೆಲ್ಲ ಫಾರಿನ್ ಕೋಚ್‌ಗಳ ಬಗ್ಗೆ ಮಾತಾಡ್ತಿದ್ದೀರಿ. ದೇಶದ ತಂಡದ ಕೋಚ್ ಆಗಿದ್ದ ಸ್ಟಿಮಾಚ್ ವಿಷಯ ತಗೊಳ್ಳಿ. 2024ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಹೊರಬಿದ್ದ ಮೇಲೆ ನಮ್ಮ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್ ತೆಗೆಯಿತು. ಕಾಂಟ್ರ್ಯಾಕ್ಟ್ 2026ರವರೆಗೆ ಇತ್ತು. ಮೂರು ತಿಂಗಳ ಸಂಬಳ ಅಂದರು, ಅವರು ಫಿಫಾ ಮೆಟ್ಟಿಲು ಹತ್ತುತ್ತೀನಿ ಅಂದರು, ಕೊನೆಗೆ 4 ಲಕ್ಷ ಡಾಲರ್‌ಗೆ ರಾಜಿ. ಕಾಗದ ಗಟ್ಟಿ ಇದ್ದವರಿಗೆ ಸಿಗುತ್ತೆ.

ಇಲ್ಲಿಯ ಕೋಚ್‌ಗಳ ಕಥೆ ಬೇರೆ. ಸೀಸನ್ ಮಧ್ಯೆ ಫಾರಿನ್ ಕೋಚ್ ಹೋದಾಗ ತಾತ್ಕಾಲಿಕ ಅಂತ ಕೂರಿಸೋದು ನಮ್ಮವರನ್ನ. ಕ್ವಾಡ್ರಾಟ್ ಹೋದಾಗ ನೌಷಾದ್ ಮೂಸಾ. ಅದೇ ಸೀಸನ್ ನಾರ್ತ್‌ಈಸ್ಟ್‌ನಲ್ಲಿ ಖಾಲಿದ್ ಜಮೀಲ್ ಸತತ ಹತ್ತು ಮ್ಯಾಚ್ ಸೋಲದೆ ಪ್ಲೇಆಫ್‌ಗೆ ಕರೆದುಕೊಂಡು ಹೋದ ಮೇಲೆ ಕಾಯಂ ಆದರು, ಐಎಸ್‌ಎಲ್‌ನಲ್ಲಿ ಕಾಯಂ ಆದ ಮೊದಲ ಭಾರತೀಯ ಹೆಡ್ ಕೋಚ್ ಅವರೇ. 2017ರಲ್ಲೇ ಐಜಾಲ್‌ಗೆ ಐ-ಲೀಗ್ ಗೆದ್ದುಕೊಟ್ಟ ಮನುಷ್ಯ ಅಷ್ಟು ವರ್ಷ ಕಾಯಬೇಕಾಯ್ತು. 2025ರಲ್ಲಿ ದೇಶದ ತಂಡ ಸಿಕ್ಕಿತು. ಒಂದು ಕಾಲದಲ್ಲಿ ಹೈದರಾಬಾದಿನ ರಹೀಮ್ ಸಾಹೇಬರು 1950ರಿಂದ 1963ರಲ್ಲಿ ತೀರಿಕೊಳ್ಳೋವರೆಗೂ ದೇಶದ ತಂಡ ನೋಡಿಕೊಂಡರು, ಎರಡು ಏಷ್ಯನ್ ಗೇಮ್ಸ್ ಚಿನ್ನ, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ.

ಇನ್ನು ನಮ್ಮ ಮಟ್ಟ. ನನ್ನ ಹತ್ತಿರ ಕೋಚಿಂಗ್‌ನ ಸಿ ಲೈಸೆನ್ಸ್ ಇದೆ. ಬೆಳಗ್ಗೆ ಒಂದು ಶಾಲೆ, ಸಂಜೆ ಅಕಾಡೆಮಿ ಮಕ್ಕಳು, ಅದಾದ ಮೇಲೆ ಲೀಗ್ ತಂಡ. ಹಿಂದಿನ ಕ್ಲಬ್‌ನಲ್ಲಿ ಕಾಗದವೇ ಇರಲಿಲ್ಲ, ಬಾಯಿಮಾತು. ಸೆಕ್ರೆಟರಿ ಮಗನನ್ನ ಮೊದಲ ಹನ್ನೊಂದರಲ್ಲಿ ಇಳಿಸಲಿಲ್ಲ ಅಂತ ಮುನಿಸಾಯ್ತು. ಒಂದು ಸಂಜೆ ಗ್ರೌಂಡ್‌ಗೆ ಹೋದರೆ ಕೋನ್‌ಗಳನ್ನ ಬೇರೆ ಯಾರೋ ಜೋಡಿಸುತ್ತಿದ್ದರು. ಹುಡುಗರು ನನ್ನ ಮುಖ ನೋಡಲಿಲ್ಲ. ಫೋನ್ ತೆಗೆದರೆ ವಾಟ್ಸಾಪ್ ಗ್ರೂಪ್‌ನಿಂದಲೂ ತೆಗೆದಿದ್ದರು. ಬಾಕಿ ಸಂಬಳ ಕೇಳಿದ್ದಕ್ಕೆ ಪ್ರಾಕ್ಟೀಸ್‌ನಲ್ಲಿ ಜರ್ಸಿ ಮೇಲೆ ಹಾಕೋ ಬಿಬ್ ಸೆಟ್ ವಾಪಸ್ ಕೊಡಿ ಆಮೇಲೆ ನೋಡೋಣ ಅಂದರು.

ಹುಬ್ಬಳ್ಳಿ_ಸ್ಟಾಪರ್

ಅಯ್ಯ ಶಿವನ. ಬಿಬ್ ಕೊಟ್ರೇನ್ರಿ?

ಸಿ_ಡಿವಿಷನ್_ಕೋಚ್

ಬಿಬ್ ನನ್ನ ದುಡ್ಡಲ್ಲಿ ತಂದದ್ದು ರೀ. ಈಗಿನ ತಂಡದ ಹುಡುಗರು ಹಾಕ್ಕೋತಾರೆ.

ಹೊಸ_ಲೈಸೆನ್ಸ್

ಸರ್, ನಾನು ಈಗಷ್ಟೇ ಡಿ ಲೈಸೆನ್ಸ್ ಮುಗಿಸಿದೆ. ಒಂದು ಅಕಾಡೆಮಿ ಕರೆದಿದೆ. ಏನೇನು ಕೇಳಬೇಕು?

ಸಿ_ಡಿವಿಷನ್_ಕೋಚ್

ಮೊದಲು ಬರಹದಲ್ಲಿ ಕೇಳಪ್ಪ, ಒಂದು ಪುಟ ಸಾಕು. ಎಷ್ಟು ತಿಂಗಳು, ಮಳೆಗಾಲ ಮತ್ತು ಪರೀಕ್ಷೆ ರಜೆಯಲ್ಲಿ ಸಂಬಳ ಉಂಟೋ ಇಲ್ಲವೋ, ಮಧ್ಯದಲ್ಲಿ ತೆಗೆದರೆ ಎಷ್ಟು ತಿಂಗಳದ್ದು ಕೊಡ್ತಾರೆ, ತಂಡ ಆರಿಸೋದು ಯಾರು. ಮೈದಾನದಲ್ಲಿ ಮಗುವಿಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಅನ್ನೋದೂ ಅದರಲ್ಲೇ ಬರಬೇಕು. ಸಿ ಲೈಸೆನ್ಸ್ ಕೋರ್ಸ್ ಬಂದಾಗ ರಜೆ ಕೊಡ್ತಾರಾ ಅಂತಲೂ ಕೇಳು, ಹೆಡ್ ಕೋಚ್ ಆಗಬೇಕು ಅಂದರೆ ಒಂದೊಂದೇ ಮೆಟ್ಟಿಲು ಹತ್ತಿ ಪ್ರೊ ಲೈಸೆನ್ಸ್‌ವರೆಗೆ ಹೋಗಬೇಕು. ಶಾಲೆಯ ಕೆಲಸ ಇದ್ದರೆ ಬಿಡಬೇಡ.

ಸಿಟಿ_ಮಾರ್ಕೆಟ್_ನಂ10

ತಂಡ ಆರಿಸೋದು ಯಾರು ಅನ್ನೋದಕ್ಕೆ ಉತ್ತರ ಬರೋವರೆಗೂ ಸಹಿ ಹಾಕಬೇಡ ತಮ್ಮಾ. ಸೆಕ್ರೆಟರಿಗೆ ಮಗ ಇದ್ದಾನಾ ಅಂತಲೂ ವಿಚಾರಿಸು.